ಚಿನಕುರಳಿಯಲ್ಲಿ ಸುತ್ತಿದ ಟ್ರಾನ್ಸ್‌ಫಾರ್ಮರು

ಚಿನಕುರಳಿಯ ತಿಮ್ಮೇಶನಿಗೆ ಲಕ್ವ ಹೊಡೆದಾಗ ಇನ್ನೂ ಐವತ್ತಾಗಿರಲಿಲ್ಲ. ಅಲ್ಲಿಯವರೆಗೆ ಸುತ್ತಲ ಊರುಗಳಲ್ಲಿ ಪಂಪ್‌ಸೆಟ್ ಮೋಟರು ಸುಟ್ಟರೆ ಬರುತ್ತಿದ್ದದ್ದು ಅವನ ಅಂಗಡಿಗೇ. ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟುವುದರಲ್ಲಿ ಒಳ್ಳೆಯ ಕೈ. ಆ ಬಲಗೈಯೇ ಬಿದ್ದುಹೋಯಿತು, ಜೊತೆಗೆ ಮಾತೂ. ಕಾಲೆಳೆದುಕೊಂಡು ನಡೆಯುವಷ್ಟು ಸುಧಾರಿಸಿಕೊಂಡನಾದರೂ ನೀರು ಬೇಕೆಂದರೆ ಚೊಂಬನ್ನೇ ತೋರಿಸಬೇಕಿತ್ತು.

ಹೆಂಡತಿ ಸುಧ ಅಂಗಡಿ ಮುಚ್ಚಲಿಲ್ಲ. ಮದುವೆಯಾದಾಗಿನಿಂದ ಅವನ ಪಕ್ಕ ಕೂತು ಕೆಲಸ ಕಲಿತವಳು. ಭಾರದ ಮೋಟರು ಎತ್ತಲಾಗದೆ ಫ್ಯಾನು, ಮಿಕ್ಸಿಗಳನ್ನಷ್ಟೇ ಇಟ್ಟುಕೊಂಡಳು. ತಿಮ್ಮೇಶ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂರುತ್ತಿದ್ದ. ಅಪ್ಪಿತಪ್ಪಿಯೂ ಒಳಗೆ ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ಕೆ.ಆರ್.ಎಸ್.ನಿಂದ ಶಿವಶಂಕರ್ ಅನ್ನುವವರು ಬಂದರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಗಾಜಿನ ಬಲ್ಬಿನಂಥ ವಾಲ್ವುಗಳಿದ್ದ ಹಳೇ ಕಾಲದ ರೇಡಿಯೊಗಳನ್ನು ಮನೆಯಲ್ಲೇ ಜೋಡಿಸುವ ಹುಚ್ಚು ಹತ್ತಿಸಿಕೊಂಡವರು. ಸುಟ್ಟು ಕರಕಲಾಗಿದ್ದ, ಮುಷ್ಟಿಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರೊಂದನ್ನು ಮೇಜಿನ ಮೇಲಿಟ್ಟರು.

"ವಾಲ್ವು ಹುಡುಕಿದ್ರೆ ಸಿಕ್ತವೆ ಕಣಮ್ಮ. ವಾಲ್ವಿಂದ ಸ್ಪೀಕರಿಗೆ ಶಬ್ದ ದಾಟ್ಸೋ ಈ ಸಾಮಾನೇ ಸಿಕ್ತಿಲ್ಲ. ಮೈಸೂರಲ್ಲೂ ಯಾರೂ ಕಟ್ಟಲ್ಲ ಅಂದ್ಬುಟ್ರು."

ಸುಧ ಬಿಚ್ಚಿ ನೋಡಿದಳು. ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿ, ಸಾವಿರಾರು ಸುತ್ತು, ಪದರಗಳ ನಡುವೆ ಕಾಗದ. "ಇಂಥದ್ದು ಮುಟ್ಟಿಲ್ಲ ಸಾ. ಇರ್ಲಿ ಬುಡಿ, ನೋಡ್ತೀನಿ" ಎಂದಳು.

ಕಾಯಿಲ್ ಸುತ್ತುವ ಯಂತ್ರದ ಹಿಡಿಯನ್ನು ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ತಂತಿ ಬಿಡಲು ನೋಡಿದಳು. ತಂತಿ ಪಟ್ಟನೆ ತುಂಡಾಯಿತು. ಮತ್ತೆ ಸುತ್ತಿದಳು, ಮತ್ತೆ ತುಂಡು. ಬೇಸತ್ತು ಎದ್ದವಳು ನೆಟ್ಟಗೆ ಬಾಗಿಲಿಗೆ ಹೋಗಿ ಗಂಡನ ಮುಂದೆ ನಿಂತಳು.

"ನಿಮ್ಮ ಎಡಗೈ ಚೆನ್ನಾಗೇ ಅದೆ. ಬಂದು ವಸಿ ಇದ ತಿರುಗ್ಸಿ."

ಅವನು ಆಗದೆಂದು ತಲೆಯಾಡಿಸಿದ. ಅವಳು ಬಿಡಲಿಲ್ಲ. ಕರೆತಂದು, ಅವನ ಕೈಯನ್ನು ತಾನೇ ಹಿಡಿಯ ಮೇಲಿಟ್ಟಳು.

ಮೊದಮೊದಲು ಜಗ್ಗಿ ಜಗ್ಗಿ ತಿರುಗಿತು. ಆಮೇಲೆ ಹದ ಸಿಕ್ಕಿತು. ಎರಡೂ ಕೈ ಬಿಡುವಾದ್ದರಿಂದ ಸುಧ ತಂತಿಯನ್ನು ಬೆರಳ ನಡುವೆ ಹಗುರವಾಗಿ ಹಾಯಿಸಿದಳು. ಜೋರಾಗಿ ಎಣಿಸುತ್ತಾ, ನೂರಾದಾಗಲೆಲ್ಲ ಬಟ್ಟಲಿಗೊಂದು ಹುಣಸೆಬೀಜ ಹಾಕುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಮಾಯಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಅವಳಿಗೆ ಉತ್ತರ ಕೊಡುವುದರಲ್ಲಿ ಎಣಿಕೆ ತಪ್ಪಿಹೋಯಿತು.

"ಎಲ್ಲಿಗ್ ಬಂದಿದ್ದೆ ನಾನು?" ಸುಧ ತನ್ನಷ್ಟಕ್ಕೆ ಗೊಣಗಿಕೊಂಡಳು.

"ಎಪ್ಪತ್ತಾರು" ಎಂದ ತಿಮ್ಮೇಶ.

ಸ್ಪಷ್ಟವಾದ ಮಾತು. ಮಾಯಮ್ಮ ಮೊಸರಿಗೆ ತಂದ ಬಟ್ಟಲು ಹಿಡಿದು ಹಾಗೇ ನಿಂತಳು. ತಿಮ್ಮೇಶನೂ ಬೆರಗಾಗಿದ್ದ. ಸುಧ ತಂತಿಯಿಂದ ಕಣ್ಣೆತ್ತಲಿಲ್ಲ. ಏನಾದರೂ ಅಂದರೆ ಆ ಮಾತು ಓಡಿಹೋದೀತೆಂದು ಹೆದರಿ, "ಮುಂದುಕ್ಕೆ ನೀವೇ ಎಣ್ಸಿ" ಎಂದಷ್ಟೇ ಹೇಳಿದಳು.

ಅವನು ಕೊನೆಯವರೆಗೂ ಎಣಿಸಿದ. ನಡುನಡುವೆ ತೊದಲಿದರೂ ನಿಲ್ಲಿಸಲಿಲ್ಲ. ಲಕ್ವ ಹೊಡೆದವರಿಗೆ ಕೆಲವೊಮ್ಮೆ ಎಣಿಕೆ ಮೊದಲು ಮರಳುತ್ತದೆ, ಬಿಡದೆ ಎಣಿಸಲಿ ಎಂದು ಆಮೇಲೆ ತೋರಿಸಿದಾಗ ಪಾಂಡವಪುರದ ಡಾಕ್ಟರು ಹೇಳಿದರು.

ಆ ಮೊದಲ ಟ್ರಾನ್ಸ್‌ಫಾರ್ಮರು ಕೆಲಸ ಮಾಡಲಿಲ್ಲ. ಒಂದು ಕಡೆ ಕಾಗದ ಸರಿದು ತಂತಿಗೆ ತಂತಿ ತಾಗಿತ್ತು. ಇಬ್ಬರೂ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದರು. ಎರಡನೆಯದನ್ನು ಹಿಡಿದು ಬಸ್ಸಿನಲ್ಲಿ ಕೆ.ಆರ್.ಎಸ್.ಗೆ ಹೋದರು. ಶಿವಶಂಕರ್ ಬೆಸುಗೆ ಹಾಕಿ ಸ್ವಿಚ್ ಒತ್ತಿದರು. ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಗೊರಗೊರ ಸದ್ದು, ಅದರೊಳಗಿಂದ ಸೊಪ್ಪಿನ ಸಾರು ಮಾಡುವುದು ಹೇಗೆಂದು ಹೇಳುವ ಹೆಂಗಸಿನ ದನಿ. ಮೂವರೂ ಒಗ್ಗರಣೆಯವರೆಗೆ ಕದಲದೆ ಕೇಳಿದರು.

ಶಿವಶಂಕರ್ ತಮ್ಮಂಥ ರೇಡಿಯೊ ಹುಚ್ಚಿನವರಿಗೆಲ್ಲ ಈ ಅಂಗಡಿಯ ಫೋನ್ ನಂಬರು ಕೊಟ್ಟರು. ಈಗ ಹುಬ್ಬಳ್ಳಿ, ಮಂಗಳೂರುಗಳಿಂದ ಕೊರಿಯರಿನಲ್ಲಿ ಸುಟ್ಟ ಟ್ರಾನ್ಸ್‌ಫಾರ್ಮರುಗಳು ಬರುತ್ತವೆ. ತಿಮ್ಮೇಶನ ಬಲಗೈ ಇನ್ನೂ ಏಳುವುದಿಲ್ಲ. ಮಾತು ಮಾತ್ರ ದಿನದಿನಕ್ಕೆ ಬಲಿಯುತ್ತಿದೆ. ಮೊನ್ನೆ ಸುಧ ಒಳಗಿದ್ದಾಗ ಫೋನು ಅವನೇ ಎತ್ತಿದ.

"ಆಯ್ತದೆ, ಕಳ್ಸಿ" ಎಂದ, ಒಂದೊಂದೇ ಪದ ಜೋಡಿಸುತ್ತಾ. "ನಾವು ಇಬ್ರೇ... ಇರೋದು. ವಸಿ ತಡ ಆಯ್ತದೆ, ಅಷ್ಟೆ."