ಉಳಿದ ಚೂರಿನ ಗಂಟು

ನಮ್ಮ ಟೈಲರ್ ಚಾಚಾ ಅವರ ಬಲಗೈಯಲ್ಲಿ ಆರು ಬೆರಳು. ಹೆಬ್ಬೆರಳಿನ ಬುಡದಿಂದ ಹೊರಟ ಆ ಪುಟ್ಟ ಬೆರಳಿಗೆ ನೀಲಿ ಸೀಮೆಸುಣ್ಣ ಸದಾ ಮೆತ್ತಿಕೊಂಡಿರುತ್ತಿತ್ತು. ಗುಂಡಿ ಹಚ್ಚುವಾಗ ದಾರದ ತುದಿಯನ್ನು ಅದಕ್ಕೇ ಸುತ್ತಿಟ್ಟುಕೊಳ್ಳುತ್ತಿದ್ದರು. ಹೊಸದುರ್ಗದ ಅವರ ಅಂಗಡಿಯಲ್ಲಿ ಯಾರಾದರೂ ಅದನ್ನು ದಿಟ್ಟಿಸಿದರೆ, "ಐದು ನಿಮ್ಮ ಕೆಲ್ಸಕ್ಕೆ, ಒಂದು ನಂಗೆ" ಎಂದು ನಗುತ್ತಿದ್ದರು. ಅವರ ಅಪ್ಪನಿಗೂ ಆರಿತ್ತು, ಮಗಳಿಗೂ ಆರಿದೆ.

ಅವರದೊಂದು ಹಟ. ಹೊಲಿದ ಬಟ್ಟೆ ಕೊಡುವಾಗ ಉಳಿದ ಚೂರುಗಳನ್ನೆಲ್ಲ, ಬೆರಳಗಲದ್ದನ್ನೂ ಬಿಡದೆ, ಗಂಟು ಕಟ್ಟಿ ಜೊತೆಗಿಡುತ್ತಿದ್ದರು. "ಇದನ್ನೇನು ಮಾಡ್ಲಿ ಚಾಚಾ?" ಎಂದರೆ, "ಒಲೆಗೆ ಹಾಕ್ರಿ, ಬಿಸಾಕ್ರಿ. ಬಟ್ಟೆ ನಿಮ್ದು. ನಂಗೆ ಕೊಟ್ಟಿದ್ದು ಹೊಲಿಯಾಕೆ" ಎನ್ನುತ್ತಿದ್ದರು.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಮೇಷ್ಟ್ರು. ವಂಶವಾಹಿಗಳ ಸಂಶೋಧನೆಯಲ್ಲಿದ್ದ ನನ್ನ ಹಳೆಯ ಸಹಪಾಠಿಗೆ ಈ ಮೂರು ತಲೆಮಾರಿನ ಬೆರಳಿನ ಸುದ್ದಿ ಮುಟ್ಟಿಸಿದವನು ನಾನೇ, ಅವನನ್ನು ಅಂಗಡಿಗೆ ಕರೆತಂದವನೂ ನಾನೇ. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರವನ್ನು ನಾನೂ ಪೂರ್ತಿ ಓದಲಿಲ್ಲ. "ಮೇಷ್ಟ್ರು ಹೇಳಿದ್ಮೇಲೆ ಇನ್ನೇನೈತೆ" ಎಂದು ಚಾಚಾ ರುಜು ಹಾಕಿದರು. ರಕ್ತ ತೆಗೆದ ಮೇಲೆ ತೋಳು ಒತ್ತಿಕೊಂಡು ಕೇಳಿದರು: "ಟೆಸ್ಟ್ ಆಗಿ ಉಳಿದಿದ್ದು ವಾಪಸ್ ಕೊಡ್ತೀರೇನ್ರಿ?"

ಸಹಪಾಠಿ ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಚಾಚಾ ಅವರ ಮಗಳು ಆಗ ನಾಲ್ಕು ತಿಂಗಳ ಬಸುರಿ, ಹಿರೇಗುಂಟನೂರಿನಿಂದ ತವರಿಗೆ ಬಂದಿದ್ದಳು. ಅವಳ ಕೈಯ ಫೋಟೊ ತೆಗೆಯುತ್ತ ಆ ಮಹಾ ಬುದ್ಧಿವಂತ, "ಮುಂದೆ ಇಂಥ ದೋಷಗಳನ್ನು ಗರ್ಭದಲ್ಲೇ ತಿದ್ದಿಬಿಡಬಹುದು" ಎಂದ. ಹುಡುಗಿಯ ಮುಖ ಬಿಳಿಚಿಕೊಂಡಿತು. ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

ಚಾಚಾ ಕತ್ತರಿ ಕೆಳಗಿಟ್ಟರು.

"ಆಲ್ಟ್ರೇಷನ್ ಮಾಡಾಕೆ ಮುಂಚೆ ನಾನು ಗಿರಾಕಿನ ಕೇಳ್ತೀನಿ ಸಾರ್. ಹೊಟ್ಟೆಯಾಗಿರೋ ಕೂಸಿನ್ನ ನೀವು ಹೆಂಗೆ ಕೇಳ್ತೀರಿ? ಜೀವ ತಿನ್ನೋ ಕಾಯಿಲೆ ಇದ್ರೆ ತಿದ್ರಿ, ಕೈ ಮುಗೀತೀನಿ. ಈ ಬೆರಳು ನಿಮಗೇನು ಮಾಡೈತೆ?"

ವರ್ಷಗಟ್ಟಲೆ ಬೋರ್ಡಿನ ಮೇಲೆ ನಾನೂ 'ದೋಷ' ಎಂದೇ ಬರೆದವನು. ಯಾರ ಅಳತೆಗೆ ದೋಷ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮಗಳು ವಾರವಿಡೀ ಸರಿಯಾಗಿ ಉಣ್ಣಲಿಲ್ಲ. "ಆ ರಕ್ತ ವಾಪಸ್ ತರ್ಸಿಕೊಡ್ರಿ ಮೇಷ್ಟ್ರೇ, ನಮಗೆ ಬ್ಯಾಡ ಇದು" ಎಂದರು ಚಾಚಾ. ಫೋನ್ ಮಾಡಿದೆ. "ರುಜು ಹಾಕಿದ್ದಾರಲ್ಲೋ, ಈಗದು ಸಂಸ್ಥೆಯ ಸ್ವತ್ತು. ಒಂದು ಪಾಲು ಔಷಧಿ ಕಂಪನಿಗೂ ಹೋಯಿತು" ಎಂದ ಸಹಪಾಠಿ. ನಾಲ್ಕು ಕಾಗದ ಬರೆದೆ, ಉತ್ತರವಿಲ್ಲ. ವಿಜ್ಞಾನ ಬೆಳೆಯಲಿ, ಬೇಡವೆಂದವರು ಯಾರು? ಒಬ್ಬ ದರ್ಜಿಗಿರುವಷ್ಟು ಮರ್ಯಾದೆಯಾದರೂ ಅದಕ್ಕೆ ಬೇಡವೇ?

ಮೊಮ್ಮಗ ಹುಟ್ಟಿದ. ಆರು ಬೆರಳು. ಚಾಚಾ ಬೀದಿಗೆಲ್ಲ ಸಕ್ಕರೆ ಹಂಚಿದರು. ಮಗಳು ಕೈ ಬಚ್ಚಿಡುವುದನ್ನು ಬಿಟ್ಟದ್ದು ಅವತ್ತು.

ಹೋದ ವರ್ಷ ಚಾಚಾ ಎದೆನೋವಿನಿಂದ ತೀರಿಕೊಂಡರು. ನನ್ನದೊಂದು ಅಂಗಿ ಅವರ ಬಳಿ ಉಳಿದಿತ್ತು. ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಮಗಳು ತಂದುಕೊಟ್ಟಳು. ಒಂದು ತೋಳು ಇನ್ನೂ ಹಚ್ಚಿರಲಿಲ್ಲ, ಚೂರುಗಳನ್ನು ಮಾತ್ರ ಗಂಟು ಕಟ್ಟಿಟ್ಟಿದ್ದರು. ಅವರ ರಕ್ತ ಈಗಲೂ ಯಾವುದೋ ಊರಿನ ಫ್ರಿಜ್ಜಿನಲ್ಲಿದೆ.