ಬಸಲಿಂಗನ ಮೂರು ಜೋಡಿ ಪೆಡಲ್

ಬಸಲಿಂಗನ ಕೈಯಲ್ಲಿ ಪಾಸಾಗುವುದು ಹುಡುಗಾಟವಲ್ಲ. ಪೀಣ್ಯ ಎರಡನೇ ಹಂತದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತೈದು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಒಂದು ಜೇಬಿನಲ್ಲಿ ಅಳೆಯುವ ವರ್ನಿಯರ್, ಇನ್ನೊಂದರಲ್ಲಿ ಚೀಟಿಗಳ ಕಟ್ಟು. ಸರಿಯಿದ್ದ ಮಾಲಿಗೆ ಹಸಿರು ಚೀಟಿ, ಇಲ್ಲದ್ದಕ್ಕೆ ಕೆಂಪು. ಹಸಿರಿನ ಒಂದು ಕಟ್ಟು ಖರ್ಚಾಗುವಷ್ಟರಲ್ಲಿ ಕೆಂಪಿನ ಹತ್ತು ಕಟ್ಟು ಮುಗಿದಿರುತ್ತವೆ. ಕೆಂಪು ಚೀಟಿಯಲ್ಲಿ 'ಕಾರಣ' ಎಂದು ಒಂದು ಸಾಲಿದೆ. ಅದನ್ನು ತುಂಬುವಾಗ ಬಸಲಿಂಗನ ಮುಖದಲ್ಲಿ ಮೂಡುವ ಸುಖ ಹೋಳಿಗೆ ತಿನ್ನುವಾಗಲೂ ಮೂಡುವುದಿಲ್ಲ.

ಮಾದನಾಯಕನಹಳ್ಳಿಯ ಮನೆಗೆ ಬಂದ ಮೇಲೂ ಈ ಚಾಳಿ ಬಿಡದು. ಒಮ್ಮೆ ಅವನು ರೊಟ್ಟಿಯ ದಪ್ಪ ಅಳೆಯಲು ಹೋದಾಗ, ಹೆಂಡತಿ ದಾನೇಶ್ವರಿ ವರ್ನಿಯರನ್ನೇ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಮದುವೆಗೆ ಮುಂಚೆ ಅವನು ಆರು ಹೆಣ್ಣು ನೋಡಿ ಬೇಡವೆಂದಿದ್ದ. ಏಳನೆಯವಳಾದ ದಾನೇಶ್ವರಿ ಅವನನ್ನೇ ಬೇಡವೆಂದಳು. "ಹುಡುಗಗ ಜಂಬ ಭಾಳ" ಎಂದು ಒಳಗಿನಿಂದ ಹೇಳಿ ಕಳಿಸಿದಳು. ತಿಂಗಳು ಬಿಟ್ಟು ಮತ್ತೆ ಹೋಗಿ, ತುಟಿ ಬಿಚ್ಚದೆ ಕೂತು, ಅವಲಕ್ಕಿ ತಿಂದು ಪಾಸಾಗಿ ಬಂದವನು ಇವನು.

ಜಂಬ ಆದರೂ ಎಲ್ಲಿ ಹೋಗಬೇಕು? ಟೀ ಹೊತ್ತಿನಲ್ಲಿ ಹೊರಗೆ ಬರುತ್ತಿತ್ತು. ಹುನಗುಂದದ ಕಡೆಯವನಾದ ಅವನು ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ಹತ್ತಿ ಕೂಡಲಸಂಗಮಕ್ಕೆ ಹೋಗಿಬರುತ್ತಿದ್ದನಂತೆ. "ಒಂದಿನ ಈ ಪೀಣ್ಯದಿಂದನ ಸೈಕಲ್ ಮ್ಯಾಲ ಸಂಗಮಕ್ಕ ಹೊಕ್ಕೀನಿ, ನೋಡ್ತಿರ್ರಿ" ಎಂದು ಇಪ್ಪತ್ತೈದು ವರ್ಷ ಹೇಳಿದ. ಟೂಲ್‌ರೂಮಿನ ಈರೇಶ್‌ಗೆ ಕೇಳಿ ಕೇಳಿ ಸಾಕಾಯಿತು. ಇಪ್ಪತ್ತೈದು ತುಂಬಿದ ದಿನ ನಲವತ್ತು ಜನ ಸೇರಿ ಬಸಲಿಂಗನಿಗೆ ಶಾಲು ಹೊದಿಸಿ, ದೂರ ಪ್ರಯಾಣದ ಹೊಸ ಸೈಕಲ್ಲೊಂದನ್ನು ತಂದು ನಿಲ್ಲಿಸಿದರು.

"ಬಸಣ್ಣ, ಇನ್ಮೇಲೆ ನೆಪ ಹೇಳಂಗಿಲ್ಲ" ಎಂದ ಈರೇಶ್. "ಮುಂದಿನ ತಿಂಗಳು ಮೊದಲ್ನೇ ಶನಿವಾರ, ಬೆಳಿಗ್ಗೆ ಏಳು ಗಂಟೆ, ಗೇಟ್ ಹತ್ರ ಹಾರ ಹಾಕಿ ಕಳಿಸ್ತೀವಿ. ವಿಡಿಯೋ ನಾನೇ ಮಾಡ್ತೀನಿ."

ಬಸಲಿಂಗ ನಕ್ಕ. ನಗುತ್ತಲೇ ಪೆಡಲಿನ ಕಡೆ ಕಣ್ಣು ಹಾಯಿಸಿದ.

ಸೈಕಲ್ ಹತ್ತುವುದೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ವಿಧಾನ, ಅಪ್ಪ ಕಲಿಸಿದ್ದು. ಎಡಗಾಲು ಪೆಡಲಿನ ಮೇಲೆ, ಬಲಗಾಲಲ್ಲಿ ನೆಲ ಒದ್ದು ಒದ್ದು ಸೈಕಲ್ ಓಡಿಸಬೇಕು. ವೇಗ ಬಂದ ಕೂಡಲೇ ಬಲಗಾಲನ್ನು ಹಿಂದಿನಿಂದ ಬೀಸಿ ಸೀಟಿಗೆ ಏರಬೇಕು. ಗಂಡಸು ಹತ್ತುವುದು ಹೀಗೆ ಎಂದು ಅವನ ನಂಬಿಕೆ. ಹಾಗಾಗಿ ಪೆಡಲ್ ಗಟ್ಟಿಯಾಗಿರಬೇಕು, ಅಗಲವಾಗಿರಬೇಕು, ಜಾರಬಾರದು. ಸೈಕಲ್ಲಿನ ಜೊತೆ ಬಂದಿದ್ದ ಬಡಕಲು ಪೆಡಲನ್ನು ನೋಡಿದವನೇ ಕೆಂಪು ಚೀಟಿ ಕಟ್ಟಿದ.

ಹೂಡಿಯಲ್ಲಿ ಒಳ್ಳೆಯ ಪೆಡಲ್ ಸಿಗುತ್ತದೆಂದು ಕೇಳಿ, ಭಾನುವಾರ ಮೆಟ್ರೋ ಹಿಡಿದು ನಗರದ ಆ ತುದಿಗೆ ಹೋದ. ಸೈಕಲ್ ಅಂಗಡಿಯ ಮಲ್ಲಿಕ್ ತಾಳ್ಮೆಯ ಮನುಷ್ಯ. "ಸಾರ್, ಪಾದ ಪೂರ್ತಿ ಕೂರಬೇಕು, ಬೆರಳಲ್ಲಿ ತಿರುಗಿಸಿದ್ರೆ ಕರಕರ ಅನ್ನಬಾರದು, ಮಳೇಲಿ ಜಾರದೇ ಇರೋಕೆ ಈ ಸಣ್ಣ ಮೊಳೆಗಳು" ಎಂದು ಅಲ್ಯೂಮಿನಿಯಂ ಜೋಡಿಯೊಂದನ್ನು ಮುಂದಿಟ್ಟ. ಬಸಲಿಂಗ ಅಗಲ ಅಳೆದ, ದಪ್ಪ ಅಳೆದ, ಮೊಳೆಗಳನ್ನು ಎಣಿಸಿದ, ಕಿವಿಗೆ ಹಿಡಿದು ತಿರುಗಿಸಿದ. ಅಂಗಡಿಯ ಮುಂದೆ ಮಲ್ಲಿಕನ ಸೈಕಲ್ಲಿಗೇ ಹಾಕಿಸಿ ಒದ್ದು, ಬೀಸಿ, ಏರಿದ. ಹೂವಿನ ಹಾಗೆ ಕೂತ.

ಮನೆಗೆ ತಂದು ಜೋಡಿಸಿದ. ಪರೀಕ್ಷೆ ಎಂದರೆ ಪೂರ್ತಿ ಹೊರೆಯೊಂದಿಗೇ ಆಗಬೇಕೆಂಬುದು ಅವನ ವೃತ್ತಿಧರ್ಮ. ಹಿಂದಿನ ಕ್ಯಾರಿಯರ್ ಮೇಲೆ ಡೇರೆ, ಹಾಸಿಗೆ ಸುರುಳಿ, ಬಟ್ಟೆಯ ಚೀಲ, ಎಲ್ಲದರ ಮೇಲೆ ದಾನೇಶ್ವರಿಯ ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ ಕಟ್ಟಿದ. ಮನೆ ಹತ್ತಿರದ ಗೋಡೌನೊಂದರ ಪಕ್ಕದ ಖಾಲಿ ಸೈಟಿನಲ್ಲಿ ಒದ್ದ, ಬೀಸಿದ, ಬಿದ್ದ. ಮೊಳೆಗಳು ಮೊಣಕಾಲ ಕೆಳಗೆ ಐದು ಗೆರೆ ಎಳೆದವು. ಕುಂಟುತ್ತಲೇ ಚೀಟಿ ಬರೆದ. ಕಾರಣ: ಹಿಡಿತ ಜಾಸ್ತಿ.

ಮುಂದಿನ ವಾರ ರಬ್ಬರಿನದು. ಹೂಡಿಯಲ್ಲಿ ಹೂವು, ಮಾದನಾಯಕನಹಳ್ಳಿಯಲ್ಲಿ ಕುಂಬಳಕಾಯಿ. ಕಾರಣ: ಹಿಡಿತ ಕಮ್ಮಿ. ಮೂರನೆಯದು ನೈಲಾನಿನ ಅಗಲ ಪೆಡಲ್. ಅದರಿಂದಲೂ ಉರುಳಿ, ಅಂಗಾತ ಮಲಗಿಕೊಂಡೇ ಬರೆದ. ಕಾರಣ: ಹಿಡಿತ ಸರಿಯಾಗಿದೆ, ಆದರೂ ಬಿದ್ದೆ.

"ಸ್ಯಾಂಪಲ್ ಒಂದು ತೋರಿಸ್ತಾನ, ಮಾಲು ಇನ್ನೊಂದು ಕೊಡ್ತಾನ ಈ ಮಲ್ಲಿಕ" ಎಂದು ಶುಕ್ರವಾರ ಸಂಜೆ ಮನೆಯಲ್ಲಿ ಕೂಗಾಡಿದ. ಬೆಳಗಾದರೆ ಗೇಟು, ಹಾರ, ನಲವತ್ತು ಜನ, ಈರೇಶನ ವಿಡಿಯೋ. ಬಿದ್ದರೆ ಇಪ್ಪತ್ತೈದು ವರ್ಷದ ಮಾತು ಮಣ್ಣುಪಾಲು. ನಿಜ ಹೇಳಬೇಕೆಂದರೆ, ಅವನಿಗೆ ಅಳುವೇ ಬಂದಿತ್ತು.

ದಾನೇಶ್ವರಿ ಅವನ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. "ಮಾಲು ಕೆಟ್ರ ಐದು ಸಲ ಯಾಕ ಯಾಕ ಅಂತ ಕೇಳಬೇಕಂತ ನೀವ ಹೇಳ್ತೀರಲ್ಲ ಫ್ಯಾಕ್ಟರ್‍ಯಾಗ" ಎಂದಳು. "ಈಗ ನಾ ಕೇಳ್ತೀನಿ. ಯಾಕ ಬಿದ್ರಿ?"

"ತೋಲ ತಪ್ಪಿತು."

"ಯಾಕ ತಪ್ಪಿತು?"

"ಕಾಲು ತಟ್ಟಿತು."

"ಯಾತಕ್ಕ ತಟ್ಟಿತು?"

ಬಸಲಿಂಗ ನೆನಪು ಮಾಡಿಕೊಂಡ. "ರೊಟ್ಟಿ ಗಂಟಿಗೆ."

"ಗಂಟಿನ ಮ್ಯಾಲಿಂದ ಯಾಕ ಕಾಲು ಬೀಸ್ತೀರಿ? ಅಂಗಡ್ಯಾಗ ಗಂಟು ಇರಲಿಲ್ಲ, ಬೀಳಲಿಲ್ಲ. ಸೈಕಲ್ ವಾಲಿಸಿ ಸೀಟಿನ ಮುಂದಿಂದ ಕಾಲು ಹಾಕಿ ಹತ್ತಿದ್ರಾತು. ಮುಂದಿಂದ ಯಾಕ ಹತ್ತಂಗಿಲ್ಲ?"

ಐದನೆಯ ಪ್ರಶ್ನೆಗೆ ಬಸಲಿಂಗ ಗೋಡೆಯ ಕಡೆ ಮುಖ ತಿರುಗಿಸಿ ಉತ್ತರಿಸಿದ.

"ಹಂಗ ಹೆಣ್ಮಕ್ಕಳು ಹತ್ತತಾರ."

ದಾನೇಶ್ವರಿ ಅರಿಶಿನದ ಕೈ ತೊಳೆದು ರೊಟ್ಟಿ ತಟ್ಟಲು ಎದ್ದಳು. ಅವನು ಮುಖ ಊದಿಸಿಕೊಂಡೇ ಮೂರೂ ಜೋಡಿಯನ್ನು ನೆಲಕ್ಕೆ ಹರಡಿದ, ಮತ್ತೆ ಅಳೆದ, ಮತ್ತೆ ತಿರುಗಿಸಿದ. ಮೊದಲನೆಯ ಜೋಡಿಯಲ್ಲಿ ಹುಡುಕಿದರೂ ಒಂದೂ ಐಬು ಸಿಗಲಿಲ್ಲ. ಕೆಂಪು ಚೀಟಿ ಕಿತ್ತು ಅದನ್ನೇ ಜೋಡಿಸಿದ. ಹತ್ತುವ ವಿಷಯ ಮಾತ್ರ ಅಪ್ಪ ಕಲಿಸಿದ ಹಾಗೆಯೇ ಎಂದು ಮನಸ್ಸಿನಲ್ಲಿ ಹಟ ಹಿಡಿದ.

ಶನಿವಾರ ಗೇಟಿನ ಮುಂದೆ ಹಾರ ಬಿತ್ತು, ಕಾಯಿ ಒಡೆದರು, ನಲವತ್ತು ಮೊಬೈಲುಗಳು ಮೇಲೆದ್ದವು. ಬಸಲಿಂಗ ಎಡಗಾಲನ್ನು ಪೆಡಲಿಗಿಟ್ಟ. ಒಂದು ಸಲ ಒದ್ದ, ಎರಡು ಸಲ ಒದ್ದ. ಮೂರನೆಯದಕ್ಕೆ ಬಲಗಾಲು ಎತ್ತಬೇಕು, ಅಷ್ಟರಲ್ಲಿ ಬೀಳ್ಕೊಡಲು ಬಂದಿದ್ದ ದಾನೇಶ್ವರಿ ಕಣ್ಣಿಗೆ ಬಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ, ಬೆಳಗಿನ ಜಾವ ಎದ್ದು ಕಟ್ಟಿಕೊಟ್ಟ ಗಂಟನ್ನು ನೋಡುತ್ತಿದ್ದಳು, ಎರಡೂ ಕೈ ಬಾಯಿಗೆ ಇಟ್ಟುಕೊಂಡು.

ಅವನು ಬ್ರೇಕ್ ಹಿಡಿದು ಇಳಿದ. ಸೈಕಲ್ಲನ್ನು ವಾಲಿಸಿದ. ಹೊಸ್ತಿಲು ದಾಟುವವನಂತೆ ಮುಂದಿನಿಂದ ಕಾಲು ಹಾಕಿ, ಕಣ್ಣು ಮುಚ್ಚಿಕೊಂಡು ಸೀಟಿನ ಮೇಲೆ ಕೂತ. ಈಗ ಜನರ ನಗು ಬರುತ್ತದೆಂದು ಕಾದ. ಬರಲಿಲ್ಲ.

"ಬಸಣ್ಣ, ಪೆಡಲ್ ಸಕ್ಕತ್ತಾಗಿದೆ!" ಎಂದು ಈರೇಶ್ ಕೂಗಿದ. "ಎಲ್ ತಗೊಂಡ್ರಿ?"

ನೆಲಮಂಗಲ ದಾಟಿ ಟೀ ಅಂಗಡಿಯ ಮುಂದೆ ನಿಂತಾಗ ಗಂಟಿನ ದಾರಕ್ಕೆ ಹಸಿರು ಚೀಟಿಯೊಂದು ನೇತಾಡುತ್ತಿರುವುದು ಕಂಡಿತು. ಅವನದೇ ಕಟ್ಟಿನಿಂದ ಹರಿದದ್ದು. ಹಿಂಬದಿಯಲ್ಲಿ ದಾನೇಶ್ವರಿಯ ದಪ್ಪ ಅಕ್ಷರ: "ಪೆಡಲ್ ಸರಿ ಅದಾವ. ಜಂಬ ಐತಿ ತುಳಿಯಾಂವಗ. ರಿಪೇರಿ ಆಗತೈತಿ ಅಂತ ನಂಬಿ ಮುಂಚೇನ ಪಾಸ್ ಮಾಡೀನಿ."

ಬಸಲಿಂಗ ಎರಡು ಸಲ ಓದಿದ. ಪರೀಕ್ಷೆ ಮಾಡದೆ ಪಾಸು ಮಾಡುವುದು ದೊಡ್ಡ ತಪ್ಪು, ಕಾರ್ಖಾನೆಯಲ್ಲಾಗಿದ್ದರೆ ಮೆಮೋ ಕೊಡುತ್ತಿದ್ದ. ಚೀಟಿಯನ್ನು ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡ. ಟೀ ಕುಡಿದು, ಸುತ್ತ ಯಾರಾದರೂ ನೋಡುತ್ತಿದ್ದಾರೋ ಎಂದು ಒಂದು ಸಲ ಮಾತ್ರ ಕಣ್ಣಾಡಿಸಿ, ಮುಂದಿನಿಂದಲೇ ಹತ್ತಿದ.