ನೀಲವ್ವನ ಗಡಿಗೆಯ ತೊಗರಿ

ನಮ್ಮ ದೊಡ್ಡವ್ವ ನೀಲವ್ವ ತೊಗರಿ ಬೀಜವನ್ನು ಎಂದೂ ಮಾರಲಿಲ್ಲ. ಬೂದಿ ಕಲಸಿ ಗಡಿಗೆಯಲ್ಲಿಟ್ಟ ಬೀಜ. ಒಂದು ಕಾಳು ಹಲ್ಲಿಗಿಟ್ಟು ‘ಕಟ್’ ಅನಿಸಿ ನೋಡಿ, ಬೊಗಸೆ ತುಂಬಿ ಕೇಳಿದವರ ಉಡಿಗೆ ಹಾಕುವಳು. “ಬೀಜಕ್ಕ ರೊಕ್ಕ ತಗೊಂಡ್ರ ಭೂಮಿತಾಯಿ ಮುನೀತಾಳ” ಎನ್ನುವಳು.

ಇವತ್ತು ನನ್ನ ಮೊಮ್ಮಗಳಿಗೆ ಸೀಮಂತದ ಕುಬಸ ಮಾಡಿದೆವು. ಬಸುರಿ ಕೂಸಿನ ಉಡಿ ತುಂಬುವಾಗ ಹಿಗ್ಗಿಗೆ ನನ್ನ ಕೈ ನನ್ನ ಮಾತೇ ಕೇಳಲಿಲ್ಲ, ಅರ್ಧ ಅಕ್ಕಿ ನೆಲಕ್ಕೆ! ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗಲೇ ದೊಡ್ಡವ್ವನ ಕೈ ಕಣ್ಣ ಮುಂದೆ ಬಂತು.

ದೊಡ್ಡವ್ವನ ಊರು ದೇವರ ಹಿಪ್ಪರಗಿಯಲ್ಲಿ ಅಕ್ಕಪಕ್ಕದ ಹೊಲಗಳಿಗೆ ಗೊಡ್ಡು ರೋಗ ಬಡಿಯುತ್ತಿತ್ತು. ಗಿಡ ಹಸಿರಾಗೇ ಇರುತ್ತದೆ, ಹೂವಿಲ್ಲ, ಕಾಯಿಲ್ಲ. ಅವಳ ತೊಗರಿ ಮಾತ್ರ ಗೊಂಚಲು ಗೊಂಚಲು. ಆ ಹೆಮ್ಮೆಗೇ ಮಗಳು ಶಾಂತವ್ವನನ್ನು ಮೋರಟಗಿಗೆ ಕೊಟ್ಟಾಗ ಉಡಿಯಲ್ಲಿ ಅದೇ ಬೀಜ ಕಟ್ಟಿ ಕಳಿಸಿದಳು.

ಎಳ್ಳಮಾಸಿಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಬೀಗರ ಹೊಲಕ್ಕೆ ದೊಡ್ಡವ್ವನ ಜೋಡಿ ನಾನೂ ಹೋಗಿದ್ದೆ. ಎದೆಯೆತ್ತರ ಹಸಿರು. ಹುಡುಕಿದರೂ ಒಂದು ಕಾಯಿಲ್ಲ. ಬೀಗತಿ ಕಡುಬು ಬಡಿಸುತ್ತ ಅಂದಳು: “ಸೊಪ್ಪು ಛಲೋ ಬಂದೈತ್ರಿ ಬೀಗರ. ಕಾಯಿ ನಿಮ್ಮೂರಾಗ ಬಿಟ್ಟು ಬಂದ್ರೇನು?”

ಶಾಂತವ್ವ ತಲೆ ಎತ್ತಲಿಲ್ಲ. ದೊಡ್ಡವ್ವ ಕೈಯಲ್ಲಿದ್ದ ಕಡುಬು ಮುರಿಯಲೂ ಇಲ್ಲ.

ಮರುವರ್ಷ ತಾನೇ ಹೋಗಿ ತನ್ನ ಕೈಯಾರೆ ಬಿತ್ತಿ ಬಂದಳು. ಮತ್ತೆ ಹಂಗೇ. ಅದೇ ಗಡಿಗೆಯ ಬೀಜ ಹಿಪ್ಪರಗಿಯಲ್ಲಿ ಕಾಯಿಯ ಭಾರಕ್ಕೆ ಬಾಗಿತ್ತು. ಕೃಷಿ ಇಲಾಖೆಯ ಸಾಹೇಬರನ್ನು ಹಾದಿಯಲ್ಲೇ ಹಿಡಿದು ನಿಲ್ಲಿಸಿ ಕೇಳಿದಳು.

“ನಿಮ್ಮ ತಳಿ ಈ ಕಡಿ ರೋಗ ತಡಕೋತೈತ್ರಿ ಅವ್ವಾರ. ಆ ಕಡಿ ರೋಗದ ನಂಜು ಬ್ಯಾರೆ ತಳಿದು, ಜೋರ್ ಐತಿ. ನಿಮ್ಮ ತಪ್ಪಲ್ರಿ.”

“ರೋಗಕ್ಕೂ ತಳಿ ಇರ್ತಾವೇನೋ ಯಪ್ಪಾ? ಹಂಗಾದ್ರ ಮಗಳಿಗೆ ನಾ ಏನು ಕೊಡ್ಲಿ?”

ಸಾಹೇಬರು ಗಾಡಿಯ ಕೀಲಿ ತಿರುವಿ ಮುಂದೆ ಹೋದರು.

ನಾನು ಅವಳನ್ನು ಕೊನೆಯ ಸಲ ಕಂಡದ್ದು ಬಿತ್ತಿಗೆಯ ಮುಂಚೆ. ನನ್ನ ಗಂಡನ ಊರು ಇಂಡಿಯಲ್ಲಿ ನಮ್ಮ ಪಾಲಿಗೆ ಆಗಷ್ಟೇ ಹೊಲ ಬಂದಿತ್ತು. “ಬೀಜ ಕೊಡಬೇ ದೊಡ್ಡವ್ವ” ಅಂತ ಸೆರಗು ಒಡ್ಡಿದೆ. ಬೊಗಸೆ ತುಂಬಿದಳು. ನನ್ನ ಸೆರಗಿನ ತನಕ ತಂದಳು. ಕೈ ಅಲ್ಲೇ ನಿಂತಿತು.

“ನಿಮ್ಮೂರ ರೋಗ ಎಂಥಾದ್ದೋ, ನನಗ ಗೊತ್ತಿಲ್ಲವ್ವ” ಅಂದು ತಿರುಗಿ ಗಡಿಗೆಗೇ ಸುರಿದಳು. ಒಳಗಿನಿಂದ ಅಕ್ಕಿ ತಂದು ಉಡಿ ತುಂಬಿ ಕಳಿಸಿದಳು.